ಕತ್ತಲೆಯ ಯುಗಕ್ಕೆ ಐದು ಪಾಯಿಂಟು

ನಾನು ದಿನಚರಿ ಬರೆಯಲು ಶುರುಮಾಡಿದ್ದು ಅತಿಥಿ ಉಪನ್ಯಾಸಕನಾದ ಮೊದಲ ದಿನ. ಪುಟದ ತಲೆಯಲ್ಲಿ ತಾರೀಖು, ವಾರ. ಕೆಳಗೆ ನಾಲ್ಕೇ ನಾಲ್ಕು ವಿಷಯ: ಅರಕಲಗೂಡಿನಲ್ಲಿ ಬಸ್ಸು ಹತ್ತಿದ ಹೊತ್ತು, ಹಾಸನದಲ್ಲಿ ಇಳಿದ ಹೊತ್ತು, ತರಗತಿಗೆ ಬಂದವರು ಎಷ್ಟು, ಬರೆಸಿದ ಪುಟ ಎಷ್ಟು. ಅದಕ್ಕಿಂತ ಹೆಚ್ಚು ಬರೆದುಕೊಂಡದ್ದು ಅಪರೂಪ. ಈಗ ಆ ಪುಸ್ತಕಗಳನ್ನು ತಿರುವಿದರೆ, ನನ್ನ ಒಬ್ಬ ವಿದ್ಯಾರ್ಥಿನಿಗೆ ನಾನು ಮಾಡಿದ್ದು ಯಾವ ಯಾವ ತಾರೀಖಿನಂದು ಎಂದು ಬೆರಳಿಟ್ಟು ತೋರಿಸಬಲ್ಲೆ. ಮಾಡಿದ್ದೇನು ಎಂಬುದು ಮಾತ್ರ ಅಲ್ಲಿಲ್ಲ.

ನಾನು ಪಾಠ ಮಾಡುವುದು ಪ್ರಪಂಚದ ನಾಗರಿಕತೆಗಳ ಪತ್ರಿಕೆ. ಈಜಿಪ್ಟಿನಿಂದ ಹೊರಟು ಬ್ಯಾಬಿಲೋನು, ಗ್ರೀಸು, ರೋಮು ದಾಟಿ, ಮಧ್ಯಯುಗ ಹಾದು, ಹಡಗು ಹತ್ತಿ ಹೊಸ ದೇಶ ಹುಡುಕಿದವರವರೆಗೆ. ಐದು ಸಾವಿರ ವರ್ಷಕ್ಕೆ ಒಂದು ಸೆಮಿಸ್ಟರ್. ನಮ್ಮ ಕಡೆ ಇದನ್ನು ಪುಸ್ತಕ ಹಿಡಿದು ಯಾರೂ ಪಾಠ ಮಾಡುವುದಿಲ್ಲ, ನೋಟ್ಸು ಹಿಡಿದು ಮಾಡುತ್ತಾರೆ. ಮೇಷ್ಟ್ರು ಓದುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ. ಆ ಹುಡುಗರಲ್ಲಿ ಒಬ್ಬ ಮುಂದೆ ಮೇಷ್ಟ್ರಾಗುತ್ತಾನೆ, ಅವನೂ ಓದುತ್ತಾನೆ.

ನನ್ನ ನೋಟ್ಸು ಬಂದದ್ದು ಚನ್ನರಾಯಪಟ್ಟಣದಿಂದ. ಅಲ್ಲಿ ನನಗೆ ಇತಿಹಾಸ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಮನೆಯಲ್ಲಿದ್ದರು. ಕೆಲಸ ಸಿಕ್ಕಿತೆಂದು ಹೇಳಲು ಹೋದಾಗ ಒಳಗಿನಿಂದ ಕಂದು ಕಾಗದದ ಹೊದಿಕೆ ಹಾಕಿದ ದಪ್ಪ ಲಾಂಗ್‌ಬುಕ್ ತಂದರು. ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಎರಡೂ ಕೈಯಲ್ಲಿ ಕೊಟ್ಟರು. ಅವರಿಗೂ ಅವರ ಮೇಷ್ಟ್ರು ಹಾಗೆಯೇ ಕೊಟ್ಟಿದ್ದರಂತೆ.

"ತಗೊಳಯ್ಯ, ಇಷ್ಟ್ ವರ್ಸ ನಂಗೆ ಅನ್ನ ಹಾಕಿದ್ದು ಇದು. ಅಂಚಲ್ಲಿ ಪೆನ್ಸಿಲಲ್ಲಿ ಬರ್ದಿರೋದ್ನೂ ನೋಡ್ಕೊ. ಅದ್ನ ಬಿಟ್ಬುಡಬ್ಯಾಡ."

ನಾನು ಕಾಲು ಮುಟ್ಟಿ ನಮಸ್ಕರಿಸಿ ಬಂದೆ. ಹದಿನಾಲ್ಕು ದಿನ ಕೂತು ಆ ನೋಟ್ಸನ್ನು ಶುದ್ಧ ಪ್ರತಿ ಮಾಡಿದೆ. ಒಂದೊಂದು ಪ್ರಶ್ನೆಗೆ ಸರಿಯಾಗಿ ಐದು ಪಾಯಿಂಟು, ಒಂದೊಂದು ಪಾಯಿಂಟಿಗೆ ಎರಡು ಸಾಲು. ಉದ್ದದ ವಾಕ್ಯಗಳನ್ನು ಕತ್ತರಿಸಿದೆ. ಅಂಚಿನಲ್ಲಿದ್ದದ್ದಕ್ಕೆ ಕ್ರಮಸಂಖ್ಯೆ ಇರಲಿಲ್ಲ, ಬಿಟ್ಟೆ. ಆಮೇಲೆ ಟೈಪು ಮಾಡಿ ಪಿಡಿಎಫ್ ಮಾಡಿ, ಜಿಲ್ಲೆಯ ಇತಿಹಾಸ ಉಪನ್ಯಾಸಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಇಪ್ಪತ್ತೊಂಬತ್ತು ಹೆಬ್ಬೆರಳು ಬಂದವು. ಅದನ್ನೂ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ತರಗತಿಯಲ್ಲಿ ನನ್ನದೊಂದು ಪದ್ಧತಿ ಇತ್ತು. ಬಂದವರನ್ನು ಕಪ್ಪುಹಲಗೆಯ ಮೂಲೆಯಲ್ಲಿ ಗೀಟು ಎಳೆದು ಎಣಿಸುತ್ತಿದ್ದೆ. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಎಣಿಕೆ ಮುಗಿದಲ್ಲಿ ಒಂದು ಚುಕ್ಕಿ. ಚುಕ್ಕಿ ಇಟ್ಟ ಮೇಲೆ ಬಂದವರಿಗೆ ಹಾಜರಿ ಇಲ್ಲ. ತಡವಾಗಿ ಬಂದವರಿಗೆ ಹುಡುಗರೇ ಬಾಗಿಲಲ್ಲಿ ಕೂಗುತ್ತಿದ್ದರು: "ಚುಕ್ಕಿ ಬಿದ್ದೋಯ್ತು ಕಣ್ಲಾ, ವಾಪಸ್ ಓಗು!"

ನಾನು ಹೇಳಿದ ಆ ವಿದ್ಯಾರ್ಥಿನಿ ಒಂದು ದಿನವೂ ಚುಕ್ಕಿಯ ಆಚೆ ಬಂದವಳಲ್ಲ. ಹಾಸನದ ಪಕ್ಕದ ಕೊರವಂಗಲದವಳು, ಕೊನೆಯ ವರ್ಷದ ಬಿ.ಎ. ಬಿ.ಎಡ್ ಮಾಡಿ ಇತಿಹಾಸದ ಮೇಷ್ಟ್ರಾಗಬೇಕೆಂಬುದು ಅವಳ ಆಸೆ. ಅದಕ್ಕೆ ಪದವಿಯಲ್ಲಿ ಒಟ್ಟು ಶೇಕಡಾ ಐವತ್ತು ಬೇಕು. ಮೊದಲೆರಡು ವರ್ಷ ಇಂಗ್ಲಿಷು ಅವಳನ್ನು ಕೆಳಕ್ಕೆ ಎಳೆದಿತ್ತು. ನನ್ನಂತೆ ಅವಳೂ ಲೆಕ್ಕದವಳು. ಒಂದು ದಿನ ನೋಟ್‌ಬುಕ್ಕಿನ ಹಿಂಬದಿ ತೋರಿಸಿದಳು: "ಮಿಕ್ಕಿದ್ದೆಲ್ಲ ನಾನ್ ಅಂದ್ಕಂಡಂಗೇ ಬಂದ್ರೆ, ನಿಮ್ ಪೇಪರಲ್ಲಿ ಐವತ್ತೆರಡು ಬಂದ್ರೆ ಸಾಕು ಸಾ. ಬಿ.ಎಡ್ ಸಿಕ್ತು."

ಮಧ್ಯಯುಗದ ಪಾಠ ಬಂತು. 'ಮಧ್ಯಯುಗವನ್ನು ಕತ್ತಲೆಯ ಯುಗವೆನ್ನಲು ಕಾರಣಗಳೇನು?' ಹತ್ತು ಅಂಕದ ಪ್ರಶ್ನೆ, ಹೆಚ್ಚುಕಡಿಮೆ ಪ್ರತಿ ಸಲ ಬರುವಂಥದ್ದು. ಮೊದಲ ಪಾಯಿಂಟು ರೋಮಿನ ಪತನ. ಎರಡನೆಯದನ್ನು ಬರೆಸಿದೆ: ಈ ಕಾಲದಲ್ಲಿ ಇಡೀ ಜಗತ್ತು ಅಜ್ಞಾನದ ಕತ್ತಲೆಯಲ್ಲಿ ಮುಳುಗಿತ್ತು, ಕಲೆ, ವಿದ್ಯೆಗಳು ನಿಂತುಹೋದವು.

"ಸಾ, ಒಂದು ಡೌಟು," ಅಂದಳು.

"ಬರ್ಕೊಂಡ್ಮೇಲೆ ಕೇಳಮ್ಮ."

"ಬರ್ಕಂಡೆ ಸಾ. ಅನ್ನೆರಡನೇ ಶತಮಾನನೂ ಇದ್ರೊಳ್ಗೇ ಬತ್ತದಾ?"

"ಬರುತ್ತೆ."

"ನಮ್ಮೂರ್ ಗುಡಿ ಆವಾಗ್ಲೇ ಕಟ್ಟಿದ್ದು ಸಾ. ಕಂಬಾನೆಲ್ಲ ತಿರುಗ್ಸಿ ತಿರುಗ್ಸಿ ಕಡ್ದವ್ರೆ, ಬಳೆ ತೊಡ್ಸಿದಂಗೆ ಗೆರೆ ಐತೆ. ಕತ್ಲಲ್ಲಿ ಎಂಗ್ ಕಡುದ್ರು?"

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಟಾರ್ಚ್ ಆಕ್ಕಂಡಿದ್ರು ಕಣಮ್ಮೋ!"

"ಅದ್ನ ನಿಮ್ಮಪ್ಪ ಇಡ್ಕಂಡಿದ್ನೇನ್ಲಾ?" ಎಂದಳು, ತಿರುಗಿಯೂ ನೋಡದೆ.

ತರಗತಿ ನಕ್ಕಿತು. ನಾನು ಮೂರನೆಯ ಪಾಯಿಂಟಿಗೆ ಹೋದೆ. ಆದರೆ ಬಸ್ಸಿನಲ್ಲಿ ಪ್ರಶ್ನೆ ನನ್ನ ಜೊತೆಯಲ್ಲೇ ಬಂತು. ಆ ಭಾನುವಾರ, ಅವಳಿಗೆ ಮೊದಲೇ ಹೇಳಿ, ಬೈಕಿನಲ್ಲಿ ಕೊರವಂಗಲಕ್ಕೆ ಹೋದೆ. ಅವಳೂ ಅವಳ ಅಪ್ಪನೂ ಗುಡಿಯ ಹತ್ತಿರ ಕಾದಿದ್ದರು. ಒಳಗೆ ತಣ್ಣಗಿತ್ತು. ಕಂಬದ ಮೇಲೆ ಕೈಯಾಡಿಸಿದರೆ ಕಲ್ಲು ಎಂದು ನಂಬಲಾಗದಷ್ಟು ನುಣುಪು. ಅವಳು ನನ್ನನ್ನು ಶಿವನ ಎದುರಿನ ಗರ್ಭಗುಡಿಯ ಮುಂದೆ ನಿಲ್ಲಿಸಿದಳು.

"ಇಲ್ಲಿ ಯಾರವ್ರೆ ನೋಡಿ ಸಾ."

ಸೂರ್ಯ ನಿಂತಿದ್ದ.

"ಕತ್ಲೆ ಯುಗ್ದಲ್ಲಿ ಸೂರ್ಯನ್ನೇ ಕಡ್ದು ನಿಲ್ಸವ್ರೆ," ಎಂದು ನಕ್ಕಳು.

ಅಪ್ಪ ನಗಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಸಾ, ಐವತ್ ಪರ್ಸೆಂಟ್ ಬಂದ್ರೆ ಸೇರುಸ್ತೀನಿ ಅಂದಿವ್ನಿ. ಬರ್ನಿಲ್ಲ ಅಂದ್ರೆ ಓದಿದ್ದು ಸಾಕು. ನಂದು ಒಂದೇ ಮಾತು. ನೀವ್ ಒಸಿ ಸರ್ಯಾಗಿ ಏಳ್ಕೊಡಿ," ಎಂದರು.

ಸೋಮವಾರ ನಾನು ನೋಟ್ಸು ಮುಚ್ಚಿಟ್ಟು ಪಾಠ ಮಾಡಿದೆ. ಯೂರೋಪಿನಲ್ಲಿ ಕತ್ತಲೆ ಎನ್ನುವ ಕಾಲಕ್ಕೆ ಬಾಗ್ದಾದಿನಲ್ಲಿ ಗ್ರೀಕರ ಗ್ರಂಥಗಳು ಅರಬ್ಬಿಗೆ ಅನುವಾದವಾಗುತ್ತಿದ್ದವು, ಚೀನಾದಲ್ಲಿ ಕಾಗದದ ಮೇಲೆ ಅಚ್ಚು ಒತ್ತುತ್ತಿದ್ದರು, ಚೋಳರ ಹಡಗು ಸಮುದ್ರ ದಾಟುತ್ತಿತ್ತು, ನಮ್ಮ ಮಗ್ಗುಲಲ್ಲಿ ಕಂಬ ತಿರುಗುತ್ತಿತ್ತು ಎಂದೆ. ಕತ್ತಲೆ ಯಾರ ಮನೆಯಲ್ಲಿತ್ತು ಎಂದು ಕೇಳದೆ ಬರೆದುಕೊಂಡರೆ ಅದು ಇತಿಹಾಸವಲ್ಲ ಎಂದೂ ಹೇಳಿದೆ. ಉತ್ಸಾಹ ಬಂದಿತ್ತು. "ನಿಜ ಅನ್ನಿಸಿದ್ದನ್ನ ಪರೀಕ್ಷೇಲೂ ಬರೀರಿ. ಪೇಪರ್ ನೋಡೋರು ನಮ್ಮಂಥ ಮೇಷ್ಟ್ರುಗಳೇ ತಾನೇ?" ಎಂದೆ. ಆ ದಿನದ ದಿನಚರಿ: ಹಾಜರಿ 31, ಬರೆಸಿದ ಪುಟ 0.

ಪರೀಕ್ಷೆ ಮುಗಿದು ಮೌಲ್ಯಮಾಪನ ಹಾಸನದಲ್ಲೇ ನಡೆಯಿತು, ನನ್ನನ್ನೂ ಕರೆದಿದ್ದರು. ಉತ್ತರ ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ಕೋಡ್ ಸಂಖ್ಯೆ ಮಾತ್ರ. ಪ್ರತಿ ಪ್ರಶ್ನೆಗೂ ಯಾವ ಪಾಯಿಂಟಿಗೆ ಎಷ್ಟು ಅಂಕ ಎಂದು ಮೊದಲೇ ಅಚ್ಚು ಮಾಡಿದ ಹಾಳೆ ಕೊಡುತ್ತಾರೆ, ಅದನ್ನು ಸ್ಕೀಮ್ ಎನ್ನುತ್ತಾರೆ. ಕತ್ತಲೆಯ ಯುಗದ ಪ್ರಶ್ನೆಗೆ ಐದು ಪಾಯಿಂಟು, ತಲಾ ಎರಡು ಅಂಕ. ಓದಿದಾಗ ಎಲ್ಲೋ ಕಂಡಂತಿದೆ ಅನ್ನಿಸಿತು. ಎಲ್ಲರ ನೋಟ್ಸೂ ಹೀಗೇ ತಾನೇ ಎಂದುಕೊಂಡು ಕೆಂಪು ಪೆನ್ನು ತೆಗೆದೆ.

ಎರಡನೆಯ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ, ಒಂದು ಪತ್ರಿಕೆಯಲ್ಲಿ ಕಂಬಗಳು ಬಂದವು. ರೋಮು ಬಿದ್ದದ್ದನ್ನು ಬರೆದಿದ್ದಳು. ಆಮೇಲೆ ಬಾಗ್ದಾದು, ಚೀನಾ, ಹಡಗು, ಸೂರ್ಯ. ಕೊನೆಯ ವಾಕ್ಯ, 'ಆದ್ದರಿಂದ ಕತ್ತಲೆ ಇದ್ದದ್ದು ಯೂರೋಪಿನ ಕೆಲವು ಕಡೆ, ಎಲ್ಲ ಕಡೆ ಅಲ್ಲ.' ನಾನು ಎಂಟು ಅಂಕ ಹಾಕಿದೆ.

ನಾವು ಅಂಕ ಹಾಕಿದ ಪತ್ರಿಕೆಗಳಲ್ಲಿ ಕೆಲವನ್ನು ಮುಖ್ಯ ಪರೀಕ್ಷಕರು ತೆಗೆದು ನೋಡುತ್ತಾರೆ. ಕಾಯಂ ಕೆಲಸದಲ್ಲಿದ್ದ ಹಿರಿಯರು, ಮೆತ್ತನೆಯ ಮಾತಿನವರು. ಇದನ್ನೇ ಎತ್ತಿಕೊಂಡರು.

"ಎಂಟು ಹಾಕಿದ್ದೀರಲ್ರೀ, ಪಾಯಿಂಟ್ ಎಷ್ಟಿದಾವೆ?"

"ಉತ್ತರ ಚೆನ್ನಾಗಿದೆ ಸಾರ್. ಸ್ವಂತ ಯೋಚನೆ."

"ಚೆನ್ನಾಗೇ ಇದೆ. ಪಾಯಿಂಟ್ ಎಷ್ಟು ಅಂದೆ. ಇಟ್ಕೊಳ್ಳಿ ಬೇಕಾದ್ರೆ, ಸೈನ್ ಮಾಡೋರು ನೀವೇ. ನಾನೇನ್ ಬೇಡ ಅನ್ನಲ್ಲ," ಎಂದು ನಕ್ಕು ಮುಂದಿನ ಮೇಜಿಗೆ ಹೋದರು.

ಅವರು ಹೆದರಿಸಲಿಲ್ಲ. ಇಟ್ಟುಕೊಳ್ಳಬಹುದಿತ್ತು. ಆದರೆ ಕೈ ತಾನಾಗಿ ಅಂಚಿಗೆ ಹೋಗಿ ಪಾಯಿಂಟು ಎಣಿಸಿತು: ಒಂದು ಗೀಟು, ಪಕ್ಕದಲ್ಲಿ ಚುಕ್ಕಿ. ಎಂಟನ್ನು ಹೊಡೆದು ಎರಡು ಮಾಡಿದೆ. ಯಾರ ಪತ್ರಿಕೆಯೆಂದು ಗುರುತು ಸಿಕ್ಕ ಮೇಲೆ ಹೆಚ್ಚು ಅಂಕ ಕೊಟ್ಟರೆ ಪಕ್ಷಪಾತವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಊಟಕ್ಕೆ ಹೋದೆ. ಆ ದಿನದ ದಿನಚರಿ: ನೋಡಿದ ಪತ್ರಿಕೆ 34, ಊಟಕ್ಕೆ ಪಾಯಸವಿತ್ತು, ಬಸ್ಸು ತಡ.

ಫಲಿತಾಂಶ ಬಂದಾಗ ಅವಳಿಗೆ ನನ್ನ ಪತ್ರಿಕೆಯಲ್ಲಿ ನಲವತ್ತೆಂಟು. ಐವತ್ತೆರಡಕ್ಕೆ ನಾಲ್ಕು ಕಡಿಮೆ. ಮಿಕ್ಕ ಪತ್ರಿಕೆಗಳಲ್ಲಿ ಅವಳ ಲೆಕ್ಕ ಒಂದಂಕವೂ ತಪ್ಪಿರಲಿಲ್ಲ. ನಾನು ಹೊಡೆದದ್ದು ಆರು.

ಒಂದೆರಡು ವಾರ ಕಳೆದು ಅವಳು ಸ್ಟಾಫ್ ರೂಮಿಗೆ ಬಂದಳು. ಉತ್ತರ ಪತ್ರಿಕೆಯ ಜೆರಾಕ್ಸಿಗೆ ಅರ್ಜಿ ಹಾಕಿ ತರಿಸಿದ್ದಳು. ಬೇರೆ ಯಾರೂ ಇರಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಹರಡಿ ಅಂಚಿನ ಮೇಲೆ ಬೆರಳಿಟ್ಟಳು.

"ಇದು ನಿಮ್ ಚುಕ್ಕಿ ಅಲ್ವಾ ಸಾ?"

ನಾನು ಕನ್ನಡಕ ತೆಗೆದು ಒರೆಸಿದೆ. "ಸ್ಕೀಮ್ ಇರುತ್ತಮ್ಮ. ನಮ್ ಕೈಲಿ ಏನೂ ಇರಲ್ಲ."

"ಎಂಟು ನಿಮ್ ಕೈಲೇ ಆಕಿದ್ದೀರಿ."

"ಮರುಮೌಲ್ಯಮಾಪನಕ್ಕೆ ಹಾಕು. ಬರುತ್ತೆ."

"ಆಕಿವ್ನಿ. ಅದ್ನ ನೋಡೋರ್ ತಾವ್ಲೂ ಇದೇ ಐದು ಪಾಯಿಂಟ್ ತಾನೇ ಇರೋದು?" ಬೆರಳನ್ನು ಹೊಡೆದುಹಾಕಿದ ಎಂಟರ ಮೇಲೆ ಸರಿಸಿದಳು. "ನೀವು ಏಳಿದ್ನ ನೀವೇ ನಂಬಿರ್ನಿಲ್ಲ ಅಂದಿದ್ರೆ ಬೇಜಾರಾಯ್ತಿರ್ನಿಲ್ಲ ಸಾ. ನಂಬಿ ಎಂಟು ಆಕ್ಬುಟ್ಟು ಒಡ್ದಾಕಿದ್ದೀರಲ್ಲ."

ಹಾಳೆ ಮಡಿಸಿಕೊಂಡು ಹೋದಳು. ಮರುಮೌಲ್ಯಮಾಪನದಲ್ಲಿ ಬದಲಾವಣೆ ಇಲ್ಲವೆಂದು ಬಂತು. ಪಾಸಾದ ಪತ್ರಿಕೆಯನ್ನು ಮತ್ತೆ ಬರೆಯಲು ಅವಕಾಶವಿಲ್ಲವೆಂದು ಕಚೇರಿಯವರು ಹೇಳಿದರಂತೆ. ಅವಳ ಅಪ್ಪನದು ಒಂದೇ ಮಾತು. ಈಗ ಅವಳು ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಾಯಂಕಾಲ ಹಾಲು ಅಳೆದು ಬರೆದುಕೊಳ್ಳುತ್ತಾಳೆ ಎಂದು ಅವಳ ಜೊತೆ ಓದಿದವರು ಹೇಳಿದರು.

ನನಗೆ ಸಿಟ್ಟು ಬಂದದ್ದು ಚನ್ನರಾಯಪಟ್ಟಣದ ಮೇಷ್ಟ್ರ ಮೇಲೆ. ಇಡೀ ಜಗತ್ತನ್ನು ಕತ್ತಲೆಗೆ ನೂಕಿದ ಸಾಲು ಅವರದು, ಹೋಗಿ ಕೇಳಬೇಕು ಎಂದುಕೊಂಡು ಬೀರುವಿನಿಂದ ಹಳೆಯ ಲಾಂಗ್‌ಬುಕ್ ತೆಗೆದೆ. ಶುದ್ಧ ಪ್ರತಿಯಾದ ಮೇಲೆ ಅದನ್ನು ಮುಟ್ಟಿರಲಿಲ್ಲ. ಒಳಗಿಟ್ಟಿದ್ದ ವೀಳ್ಯದೆಲೆ ಒಣಗಿ ಪುಡಿಯಾಗಿತ್ತು. ಪುಟ ಹುಡುಕಿದೆ. ಅವರ ಅಕ್ಷರದಲ್ಲಿ ಹೀಗಿತ್ತು: 'ಈ ಕಾಲದಲ್ಲಿ ಪಶ್ಚಿಮ ಯೂರೋಪಿನ ಬಹುಭಾಗದಲ್ಲಿ ವಿದ್ಯೆ ಕುಂದಿತು ಎಂದು ಹಿಂದಿನವರು ಭಾವಿಸಿದ್ದರು.' ನನ್ನ ಪ್ರತಿಯಲ್ಲಿ ಅದು ಎರಡು ಸಾಲಿನೊಳಗೆ ಕೂರಬೇಕಿತ್ತು. ಪಶ್ಚಿಮ ಯೂರೋಪನ್ನು ನಾನು ಜಗತ್ತು ಮಾಡಿದ್ದೆ. ಭಾವಿಸಿದ್ದರು ಎಂಬುದನ್ನು ತೆಗೆದುಹಾಕಿದ್ದೆ.

ಅಂಚಿನಲ್ಲಿ ಪೆನ್ಸಿಲಿನಲ್ಲಿ ಇನ್ನೂ ಒಂದು ಸಾಲಿತ್ತು. 'ನಮ್ಮ ಕಡೆ ಹಾಗಿಲ್ಲ. ಹುಡುಗರನ್ನು ಕೊರವಂಗಲಕ್ಕೆ ಕರೆದುಕೊಂಡು ಹೋಗಿ ಕಂಬ ತೋರಿಸುವುದು.'

ಆಮೇಲೆ ಸ್ಕೀಮಿನ ಹಾಳೆ ನೆನಪಾಯಿತು. ನನ್ನ ಪಿಡಿಎಫ್ ತೆರೆದೆ. ಅದೇ ಐದು ಪಾಯಿಂಟು, ಅದೇ ಕ್ರಮ, ಅದೇ ಪದ. ಆ ಇಪ್ಪತ್ತೊಂಬತ್ತು ಹೆಬ್ಬೆರಳುಗಳಲ್ಲಿ ಒಬ್ಬರು ಸ್ಕೀಮು ಬರೆದಿದ್ದರು. ನಾನು ಚನ್ನರಾಯಪಟ್ಟಣಕ್ಕೆ ಹೋಗಲಿಲ್ಲ.

ತಿದ್ದಿದ ಪ್ರತಿಯನ್ನು ಗುಂಪಿಗೆ ಹಾಕಿದೆ. ಮೂರು ಹೆಬ್ಬೆರಳು ಬಂದವು. ಒಬ್ಬರು, "ಹಳೇದೇ ಚೆನ್ನಾಗಿತ್ತು ಸಾರ್, ಪಾಯಿಂಟ್ ಕ್ಲಿಯರ್ ಆಗಿದ್ವು," ಎಂದು ಬರೆದರು. ಪರೀಕ್ಷೆ ಹತ್ತಿರ ಬಂದಾಗ ಯಾರೋ ಹಳೆಯದನ್ನೇ ಮತ್ತೆ ಹಾಕಿದರು.

ಈ ವರ್ಷ ನನಗೆ ಸಿಕ್ಕಿದ್ದು ಹೊಳೆನರಸೀಪುರದ ಕಾಲೇಜು. ಮೊನ್ನೆ ಮಂಗಳವಾರ ಮಧ್ಯಯುಗ ಬಂತು. ಎರಡು ಉತ್ತರ ಹೇಳಿದೆ. ಒಂದು ಸ್ಕೀಮಿನಲ್ಲಿರುವುದು, ಒಂದು ನಡೆದದ್ದು. ಕೊರವಂಗಲದ ಕಂಬಗಳನ್ನೂ ಹೇಳಿದೆ. ಹುಡುಗರು ಪೆನ್ನು ಎತ್ತಿಹಿಡಿದು ಕಾದಿದ್ದರು.

"ಪರೀಕ್ಸೆಗೆ ಯಾವ್ದು ಬರೀಬೇಕು ಸಾ?" ಎಂದ ಮುಂದಿನ ಬೆಂಚಿನವನು.

"ಮೊದಲನೇದು," ಎಂದೆ.

ಇಪ್ಪತ್ತಾರು ಪೆನ್ನುಗಳು ಬಗ್ಗಿದವು. ಎರಡನೆಯ ಉತ್ತರವನ್ನು ಯಾರೂ ಬರೆದುಕೊಳ್ಳಲಿಲ್ಲ. ಹಲಗೆಯ ಮೂಲೆಯಲ್ಲಿ ಐದು ಕಂತೆ, ಒಂದು ಒಂಟಿ ಗೀಟು, ಪಕ್ಕದಲ್ಲಿ ನನ್ನ ಚುಕ್ಕಿ. ಅದನ್ನು ಹೆಬ್ಬೆರಳಿನಿಂದ ಒರೆಸಿದೆ. ಆಮೇಲೆ ಎರಡನೆಯ ಪಾಯಿಂಟು ಬರೆಸಿದೆ: ಈ ಕಾಲದಲ್ಲಿ ಇಡೀ ಜಗತ್ತು ಅಜ್ಞಾನದ ಕತ್ತಲೆಯಲ್ಲಿ ಮುಳುಗಿತ್ತು.