ಕತ್ತರಿಸಿದ ಅಂಚು

ನಾನು ಏಳನೇ ಕ್ಲಾಸಿಗೆ ಓದು ಬಿಟ್ಟವನು. ಪುಚೊಂಗ್ ಎಂಬ ಊರಿನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸ. ಅಕ್ಕ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಒಂದು ದಿನ ಅವಳು ತನ್ನ ಜೊತೆ ಕೆಲಸ ಮಾಡುವ ಜಪಾನಿ ಮೇಡಂ ಒಬ್ಬರಿಗೆ ಸೇರಿದ ಚಿತ್ರ ತಂದಳು. ಹಿಮ ಹೊದ್ದ ಹಳೆಯ ದೇವಾಲಯದ ಹೆಬ್ಬಾಗಿಲು. ಬಣ್ಣಕ್ಕೊಂದು ಮರದ ಅಚ್ಚು ಕೊರೆದು ಕಾಗದದ ಮೇಲೆ ಒತ್ತಿದ್ದು. ಹಳೆಯ ಚೌಕಟ್ಟಿಗೆ ಬೂಷ್ಟು ಹಿಡಿದಿದ್ದರಿಂದ ಅಕ್ಕನೇ ಅದನ್ನು ಬಿಚ್ಚಿದ್ದಳು.

"ನನ್ನ ತಮ್ಮ ಹಾಕಿಕೊಡ್ತಾನೆ ಅಂತ ಜಂಬ ಕೊಚ್ಚಿದ್ದೇನೆ. ಮರ್ಯಾದೆ ಉಳಿಸು ಮಾರಾಯ!"

ಅಂಗಡಿಯಲ್ಲಿ ಸಿದ್ಧವಿದ್ದ ಚೌಕಟ್ಟು ಒಂದು ಬೆರಳು ಚಿಕ್ಕದಾಯಿತು. ಹೊಸದನ್ನು ಕೊಯ್ದು ಜೋಡಿಸಲು ನನಗೆ ಬೇಸರ. ಚಿತ್ರದ ಕೆಳಗೆ ಬಿಳಿ ಅಂಚಿತ್ತು, ಅದರಲ್ಲಿ ನನಗೆ ಓದಲು ಬಾರದ ಕೆಲವು ಅಕ್ಷರ. ಸ್ಕೇಲಿಟ್ಟು ಬ್ಲೇಡು ಎಳೆದೆ. ಕಾಗದ ಒಳ್ಳೆಯದೆಂದು ಆ ಪಟ್ಟಿಯನ್ನು ಅಳತೆ ಪುಸ್ತಕದೊಳಗೆ ಇಟ್ಟುಕೊಂಡೆ.

ಮಾಂಟ್ ಕಿಯಾರಾ ಬಡಾವಣೆಯ ತಮ್ಮ ಮನೆಯಲ್ಲಿ ಮೇಡಂ ಚಿತ್ರವನ್ನು ಕೈಗೆ ತೆಗೆದುಕೊಂಡವರೇ ಅದರ ಕೆಳಭಾಗವನ್ನು ನೋಡಿದರು. ಇಂಗ್ಲಿಷಿನಲ್ಲಿ ಮೆಲ್ಲಗೆ ಏನೋ ಕೇಳಿದರು. ಅಕ್ಕ ನನ್ನತ್ತ ತಿರುಗಿದಳು.

"ಕೆಳಗಿನ ಅಂಚು ಎಲ್ಲಿ ಅಂತಿದ್ದಾರೆ. ನೀನು ಕತ್ತರಿಸಿದ್ಯಾ?"

"ಇಲ್ಲಕ್ಕ. ನೀನು ಕೊಟ್ಟಾಗಲೇ ಹೀಗಿತ್ತು."

ಅಕ್ಕ ಮೇಡಂ ಮುಂದೆ ತಲೆ ತಗ್ಗಿಸಿ ಸಾರಿ, ಸಾರಿ ಎನ್ನುತ್ತ ಇಂಗ್ಲಿಷಿನಲ್ಲಿ ಏನೋ ವಿವರಿಸಿದಳು. ಲಿಫ್ಟಿನಲ್ಲಿ ನನಗೆ ಹೇಳಿದಳು: "ಬಿಚ್ಚುವಾಗ ನನ್ನ ಕೈಯಲ್ಲೇ ಹರಿದಿರಬೇಕು ಅಂದೆ. ನನ್ನ ತಮ್ಮ ಸುಳ್ಳು ಹೇಳುವವನಲ್ಲ ಅಂತಲೂ ಅಂದೆ. ಚಿತ್ರ ಬರೆದವನ ಹೆಸರು ಚಿತ್ರದೊಳಗೇ ಇದೆಯಂತೆ. ಅಚ್ಚು ಒತ್ತಿದವನ ಹೆಸರು ಇದ್ದದ್ದು ಆ ಅಂಚಿನಲ್ಲಿ ಮಾತ್ರ. ಒತ್ತಿದ್ದು ಮೇಡಂ ಅವರ ಅಪ್ಪ."

ಆಗಲೂ ನಾನು ನಿಜ ಹೇಳಲಿಲ್ಲ.

ಆಮೇಲೆ ಅಂಗಡಿಯಲ್ಲಿ ಅಳತೆ ಪುಸ್ತಕ ತೆರೆದಾಗಲೆಲ್ಲ ಆ ಪಟ್ಟಿ ಕಣ್ಣಿಗೆ ಬೀಳುತ್ತಿತ್ತು. ಕೈಕೆಲಸದ ಮನುಷ್ಯನೊಬ್ಬನ ಹೆಸರು. ನಾನು ಹಾಕಿದ ನೂರಾರು ಚೌಕಟ್ಟುಗಳಲ್ಲಿ ಒಂದರ ಹಿಂದೆಯೂ ನನ್ನ ಹೆಸರಿಲ್ಲ. ಅವನಿಗೆ ಅಷ್ಟಾದರೂ ಸಿಕ್ಕಿತ್ತು. ಕಾಲೇಜಿನಲ್ಲಿ ಮೇಡಂ ಎದುರಾದರೆ ತಾನು ಬೇರೆ ದಾರಿ ಹಿಡಿಯುವುದಾಗಿ ಅಕ್ಕ ಒಮ್ಮೆ ಹೇಳಿದಳು.

ಮೂರನೇ ಭಾನುವಾರ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಪಟ್ಟಿಯನ್ನು ಅವಳ ಮುಂದಿಟ್ಟೆ. ಅಕ್ಕ ಗ್ಲಾಸನ್ನು ದೂರ ಸರಿಸಿದಳು.

"ಯಾವಾಗಿಂದ ನಿನ್ನ ಹತ್ರ ಇದೆ?"

"ಮೊದಲಿಂದಲೂ."

ಅವಳು ಬೈಯಲಿಲ್ಲ. ಪಟ್ಟಿಯನ್ನು ಮುಟ್ಟಲೂ ಇಲ್ಲ. ಫೋನಿನಲ್ಲಿ ಟ್ಯಾಕ್ಸಿ ಕರೆದಳು.

"ಏಳು. ಈ ಸಲ ನಾನು ಬಾಯಿ ಬಿಡುವುದಿಲ್ಲ. ನೀನೇ ಹೇಳು, ಬರುವಷ್ಟು ಇಂಗ್ಲಿಷಿನಲ್ಲಿ."

ದಾರಿಯುದ್ದಕ್ಕೂ 'ಐ ಕಟ್, ಐ ಲೈ' ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮೇಡಂ ಬಾಗಿಲು ತೆರೆದಾಗ ಅಷ್ಟನ್ನೇ ಹೇಳಿ, ಎರಡೂ ಕೈಯಲ್ಲಿ ಪಟ್ಟಿ ಚಾಚಿದೆ.