ಎರಡು ಎಂದರೆ ಎಷ್ಟು

ತಮಿಳು ಸೀಮೆಯ ಕೊಂಬೈ ಊರಿನ, ಕನ್ನಡ ಮನೆಮಾತಿನ ಕಾಮಾಕ್ಷಿಯಮ್ಮಾಳ್ ಮನೆಯಲ್ಲಿ ಮೂರು ಹೆಣ್ಣುನಾಯಿಗಳಿದ್ದವು. ಮೂರೂ ಆ ಊರಿನದೇ ತಳಿ, ಕೆಂಪು ಮೈ, ಕಪ್ಪು ಮೂತಿ. ಕಾಡುಹಂದಿ ಕಾಟವಿದ್ದ ತೋಟದವರು ಮರಿ ಬೇಕೆಂದು ತಿಂಗಳುಗಟ್ಟಲೆ ಮೊದಲೇ ಹೇಳಿಹೋಗುತ್ತಿದ್ದರು.

ಹೋದ ವರ್ಷ ಆಡಿ, ಅಂದರೆ ಆಷಾಢ ತಿಂಗಳಲ್ಲಿ ಸರ್ಕಾರಿ ಕಚೇರಿಯವರೊಬ್ಬರು ಬಂದು, ಮರಿ ಮಾರುವವರಿಗೆ ಹೊಸ ನಿಯಮವಾಗಿದೆ, ಮನೆಗೆ ಎರಡೇ ಹೆಣ್ಣುನಾಯಿ ಎಂದರು. ಕಾಗದ ತೋರಿಸಿ ಎಂದರೆ ಅವರ ಬಳಿ ಇರಲಿಲ್ಲ. ಓದದೆ ಯಾವುದಕ್ಕೂ ತಲೆಯಾಡಿಸದ ಹೆಂಗಸು, ಬಸ್ಸು ಹತ್ತಿ ದಿಂಡಿಗಲ್‌ನ ದೊಡ್ಡ ಕಚೇರಿಗೇ ಹೋದಳು. ಅಲ್ಲಿನ ಗುಮಾಸ್ತೆ ಯುವಶ್ರೀ ಕಂಪ್ಯೂಟರಿನಲ್ಲಿ ಹುಡುಕಿದಳು. ನಿಯಮದ ನಂಬರಿತ್ತು, ಜಾರಿಯಾದ ತಾರೀಖಿತ್ತು, ಒಕ್ಕಣೆ ಮಾತ್ರ ಇರಲಿಲ್ಲ.

"ಇನ್ನೂ ಅಚ್ಚಾಗಿಲ್ಲಮ್ಮಾ," ಎಂದಳು ತಮಿಳಿನಲ್ಲಿ. "ಅಚ್ಚಾದ ಮೇಲೆ ಶಾಸನಸಭೆಯ ಮುಂದಿಡುತ್ತಾರೆ. ಅವರು ನೋಡಿ, ಬೇಕಾದರೆ ತಿದ್ದುತ್ತಾರೆ."

"ಅಲ್ಲಿಯವರೆಗೆ?"

"ಪಾಲಿಸಬೇಕು."

ಶಾಸಕರ ಮನೆಗೂ ಹೋಗಿ ಕೇಳಿದಳು. ಅವರು ಕುರ್ಚಿ ಹಾಕಿಸಿ ಕೂರಿಸಿ, ತಮ್ಮ ಕೈಗೂ ಅದು ಬಂದಿಲ್ಲ ಎಂದರು.

ಅವಳ ತಮ್ಮ ಮೂಕಯ್ಯ ನಕ್ಕ. "ಕಾಣ್ದಿರೋ ಸಟ್ಟಕ್ಕೆ, ಕಾನೂನ್ಗೆ ಯಾಕಕ್ಕಾ ಅಂಜ್ತೀಯ?"

"ಕಂಡಿದ್ರೆ ಅಂಜ್ತಿರ್ಲಿಲ್ಲ ಕಣಪ್ಪಾ. ಅದ್ರೊಳ್ಗೆ ಏನೈತೋ ಯಾರ್ಗ್ ಗೊತ್ತು."

ಕೊನೆಗೆ ಮೂರು ನಾಯಿಗಳಲ್ಲಿ ಒಂದಾದ ಕೆಂಪಿಯನ್ನು ಕಾಮಯಗೌಂಡನ್‌ಪಟ್ಟಿಯ ಅವನ ದ್ರಾಕ್ಷಿ ತೋಟಕ್ಕೆ ಕಳಿಸಿಕೊಟ್ಟಳು. ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ.

ನಿಯಮ ಅಚ್ಚಾಗಿ ಸಭೆಯ ಮುಂದೆ ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಶಾಸಕರ ಮನೆಯಿಂದ ಪ್ರತಿ ಬಂತು. ಮಗಳು ಮಣಿಮೇಗಲೈ ಓದುತ್ತಾ ಓದುತ್ತಾ ನಿಂತಳು. ಎರಡು ಎಂಬ ಮಾತು ಇತ್ತು, ಆದರೆ ನಾಯಿಗಳ ಲೆಕ್ಕದ ಬಗ್ಗೆ ಅಲ್ಲ. ಒಂದು ನಾಯಿ ಎರಡು ವರ್ಷಕ್ಕೆ ಒಮ್ಮೆ ಮಾತ್ರ ಈಯಬೇಕು ಎಂದಿತ್ತು. ಮನೆಯಲ್ಲಿ ಉಳಿದ ಎರಡರಲ್ಲಿ ಒಂದು, ಈ ಹದಿನಾಲ್ಕು ತಿಂಗಳಲ್ಲಿ ಎರಡು ಸಲ ಈದಿತ್ತು.

"ಹಂಗಾದ್ರೆ ನಾನು ತಪ್ಪು ಮಾಡ್ದಂಗಾ, ಇಲ್ವಾ?"

ಮಗಳಿಗೆ ತಿಳಿಯಲಿಲ್ಲ. ಫೋನು ಮಾಡಿದರೆ ಯುವಶ್ರೀಗೂ ತಿಳಿಯಲಿಲ್ಲ. ಸಭೆಯವರು ಅದನ್ನೂ ಬದಲಿಸಬಹುದು ಎಂದಳು ಅಷ್ಟೆ.

ಕೆಂಪಿಯನ್ನಾದರೂ ಕರೆತರೋಣವೆಂದು ಕಾಮಾಕ್ಷಿಯಮ್ಮಾಳ್ ತೋಟಕ್ಕೆ ಹೋದಳು. ನಾಯಿ ಓಡಿಬಂದು ಅವಳ ಕೈ ನೆಕ್ಕಿತು, ಮತ್ತೆ ದ್ರಾಕ್ಷಿ ಚಪ್ಪರದ ಕೆಳಗೆ ಹೋಗಿ ಮಲಗಿತು. ಅಲ್ಲಿ ಐದು ಮರಿಗಳು ಕಣ್ಣು ಬಿಡದೆ ಹಾಲಿಗೆ ತಡಕುತ್ತಿದ್ದವು. ಅವಳು ಅದನ್ನು ಅಲ್ಲೇ ಬಿಟ್ಟಳು.

ಹೊರಡುವಾಗ ಮೂಕಯ್ಯನನ್ನು, ಯಾವತ್ತು ಈದದ್ದು ಎಂದು ಕೇಳಿ, ತಾರೀಖನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡಳು.

"ಇದ್ಯಾಕಕ್ಕಾ?"

"ಗೊತ್ತಿಲ್ಲಪ್ಪಾ," ಎಂದಳು.