ಮಸ್ತೂರಾ ಆಪಾ ಮತ್ತು ಇಪ್ಪತ್ತೇಳು ಬಿಂದುಗಳು

ಸಮರ್‌ಕಂದದ ವಿಶ್ವವಿದ್ಯಾಲಯದಲ್ಲಿ ನನಗೆ ಬೀಜಗಣಿತ ಕಲಿಸಿದವರು ಮಸ್ತೂರಾ; ನಮಗೆಲ್ಲ ಆಪಾ, ಅಂದರೆ ಅಕ್ಕ. ಮುಂದೆ ಅಲ್ಲೇ ನಾನೂ ಮೇಷ್ಟ್ರಾದೆ. ಆದರೂ ಅವರ ಬಾಯಲ್ಲಿ ‘ಮಂಕೇ’ ಎನ್ನಿಸಿಕೊಳ್ಳುವುದು ತಪ್ಪಲಿಲ್ಲ. ಮದುವೆಯಾಗದ ಅವರು ತಂಗಿ ಓಯ್ನಿಸಾಳ ಜೊತೆ ಹಳೇ ಊರಿನಲ್ಲಿದ್ದರು. ಅಂಗಳದ ಹಿಪ್ಪುನೇರಳೆ ಮರದಡಿ ಮಂಚದ ಮೇಲೆ ಮಲಗಿ ಮನಸ್ಸಿನಲ್ಲೇ ಲೆಕ್ಕ ಮಾಡುವರು. ಪೂರ್ತಿಯಾಗುವ ತನಕ ಒಂದಕ್ಷರವೂ ಬರೆಯುತ್ತಿರಲಿಲ್ಲ.

ಅವರ ಪ್ರಶ್ನೆ ಹೇಳಲು ಸುಲಭ. ಗಡಿಯಾರದಂತೆ ಸುತ್ತಿ ಮತ್ತೆ ಸೊನ್ನೆಗೆ ಬರುವ ಕೆಲವೇ ಸಂಖ್ಯೆಗಳ ಲೋಕವೊಂದಿದೆ ಎನ್ನಿ. ಅಲ್ಲಿ ವಕ್ರರೇಖೆಯ ಸಮೀಕರಣ ಬರೆದರೆ, ಅದರ ಮೇಲಿನ ಬಿಂದುಗಳನ್ನು ಎಣಿಸಿ ಮುಗಿಸಬಹುದು. ಅವರು ಹಿಡಿದಿದ್ದ ಬಗೆಯ ರೇಖೆಗಳಲ್ಲಿ ಇಪ್ಪತ್ತೇಳಕ್ಕಿಂತ ಹೆಚ್ಚು ಬಿಂದುಗಳು ಇರಲಾರವೆಂದು ಸಾಬೀತಾಗಿತ್ತು. ಇಪ್ಪತ್ತಾರು ಇರುವುದು ಸಿಕ್ಕಿತ್ತು. ಸರಿಯಾಗಿ ಇಪ್ಪತ್ತೇಳು ಇರುವ ರೇಖೆ ಇದೆಯೇ, ಇಲ್ಲವೇ? ಆಪಾ ವರ್ಷಗಟ್ಟಲೆ ಇದರ ಬೆನ್ನು ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಫೋನ್ ಮಾಡಿದರು.

“ಟೋಲ್ಮಸ್, ಆಯ್ತು ಕಣೋ!”

“ಇದೆಯಾ, ಇಲ್ವಾ? ಅಷ್ಟು ಹೇಳಿ ಆಪಾ.”

“ಹೋಗೋ ಮಂಕೇ, ಫೋನಲ್ಲಿ ಹೇಳೋ ಮಾತಾ ಇದು? ಕೇಳ್ದಾಗ ನಿನ್ ಮುಖ ಹೆಂಗಾಗುತ್ತೆ ಅಂತ ನೋಡ್ಬೇಕು ನಾನು. ನಾಳೆ ಬಾ, ಓಯ್ನಿಸಾ ಪಲಾವ್ ಮಾಡ್ತಾಳೆ.”

ಮರುದಿನ ನಾನು ಹೋಗುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಿದ್ದರು. ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಪದ: ‘ಯೋಕ್’, ಅಂದರೆ ‘ಇಲ್ಲ’. ಚಹಾ ಬೇಕೇ ಎಂದರೆ ಯೋಕ್ ಎನ್ನುತ್ತಲೇ ಬಟ್ಟಲಿಗೆ ಕೈ ಚಾಚುವರು. ನನ್ನನ್ನು ಕಂಡು ನಗುವುದೂ ಯೋಕ್ ಎಂದೇ.

ಲೆಕ್ಕವನ್ನು ಅವರಿನ್ನೂ ಎಲ್ಲೂ ಬರೆದಿಟ್ಟಿರಲಿಲ್ಲ. ಅವರು ಮನೆಗೆ ಬಂದ ಮೇಲೆ ಮೆಲ್ಲನೆ ಕೇಳಿದೆ: “ಇಪ್ಪತ್ತೇಳರದ್ದು ಇದೆಯಾ ಆಪಾ?”

“ಯೋಕ್.”

ಅದು ಉತ್ತರವೋ, ಬರೀ ನಾಲಿಗೆಯೋ? ಎರಡು ಹಲಗೆಗಳ ಮೇಲೆ ‘ಇದೆ’, ‘ಇಲ್ಲ’ ಎಂದು ಬರೆದು ಮುಂದೆ ಹಿಡಿದೆ. ಎಡಗೈಯಿಂದ ಒಂದನ್ನು ಮುಟ್ಟಿದರು, ತಲೆಯಾಡಿಸಿ ಇನ್ನೊಂದನ್ನು ಮುಟ್ಟಿದರು, ಆಮೇಲೆ ಎರಡನ್ನೂ ದೂಡಿ ಅತ್ತರು. ಅಕ್ಷರಗಳೂ ಅವರ ಕೈಬಿಟ್ಟಿದ್ದವು.

ಇನ್ನೊಂದು ದಿನ ಅವರ ಹಳೆಯ ಸಮೀಕರಣವನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನೆನಪು ಕೈಕೊಟ್ಟು ಸಮೀಕರಣದ ಒಂದು ಪದ ತಪ್ಪಾಗಿತ್ತು. ಆಪಾ ಸೀಮೆಸುಣ್ಣ ಕಿತ್ತುಕೊಂಡು ಆ ಪದವನ್ನೇ ಹೊಡೆದುಹಾಕಿದರು. ಎಲ್ಲವೂ ಒಳಗೆ ಹಾಗೇ ಇತ್ತು!

“ಮುಂದೆ? ಮುಂದೇನು ಆಪಾ?”

ಆಪಾ ಗೆರೆಯೊಂದನ್ನು ಎಳೆದರು, ನಿಲ್ಲಿಸಿದರು, ಮತ್ತೆ ಅದನ್ನೇ ಎಳೆದರು. “ಯೋಕ್, ಯೋಕ್, ಯೋಕ್,” ಎಂದು ಚೀರಿ ಸೀಮೆಸುಣ್ಣವನ್ನು ನನ್ನ ಎದೆಗೆ ಎಸೆದರು.

ಓಯ್ನಿಸಾ ಓಡಿಬಂದಳು. “ಸಾಕು ಮಾಡೋ! ನೀನು ಬಂದು ಹೋದ ದಿನ ಅವ್ಳು ಊಟಾನೇ ಮುಟ್ಟಲ್ಲ. ನಿಂಗೆ ಬೇಕಾಗಿರೋದು ನಮ್ಮಕ್ಕನೋ, ಆ ಹಾಳು ಉತ್ತರವೋ?”

ನಾನು ಹಲಗೆ ಒರೆಸಿಟ್ಟು ಹೊರಟೆ.

ಆಮೇಲೆ ನಾನೇ ಬಿಡಿಸಲು ಕೂತೆ. ಎರಡು ಚಳಿಗಾಲ ಕಳೆದವು; ಆಪಾ ಯಾವ ದಾರಿಯಲ್ಲಿ ಹೊಕ್ಕಿದ್ದರೆಂಬುದೇ ತಿಳಿಯಲಿಲ್ಲ. ಕೈಚೆಲ್ಲಿದೆ.

ಈಗ ಶುಕ್ರವಾರಗಳಂದು ಹೋಗುತ್ತೇನೆ. ಸೂಪ್ ಕುಡಿಸುತ್ತೇನೆ, ವಿಭಾಗದ ಜಗಳಗಳನ್ನು ಹೇಳುತ್ತೇನೆ. ಲೆಕ್ಕದ ಮಾತು ಎತ್ತುವುದಿಲ್ಲ. ಕೆಲವೊಮ್ಮೆ ಆಪಾ ನನ್ನ ತೋಳು ಬಿಗಿಯಾಗಿ ಹಿಡಿದು, ಬಾಯಿ ತೆರೆದು, ಮುಖ ಕೆಂಪಾಗುವಷ್ಟು ಹೆಣಗುತ್ತಾರೆ. ನಾನು ಕಾಯುತ್ತೇನೆ. ಹಿಡಿತ ಸಡಿಲವಾದ ಮೇಲೆ ಅವರ ಗಲ್ಲ ಒರೆಸಿ ಇನ್ನೊಂದು ಚಮಚ ಕೊಡುತ್ತೇನೆ.